ಹಲಗೆ ಬದಲಾದರೂ ತೇರು ಅದೇ

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಟ್ರಾಮ್ ಕಂಪನಿಗಳಿಗೆ ಒಂದು ತಲೆನೋವಿತ್ತು. ವಾರವಿಡೀ ತುಂಬಿ ಓಡುತ್ತಿದ್ದ ಬಂಡಿಗಳು ರಜೆಯ ದಿನ ಖಾಲಿ ಹೋಗುತ್ತಿದ್ದವು. ಅದಕ್ಕೆ ಅವು ಕಂಡುಕೊಂಡ ಉಪಾಯ ಸರಳ: ಹಳಿ ಮುಗಿಯುವ ಕಡೆ, ಕೆರೆಯ ದಂಡೆಯಲ್ಲೋ ತೋಪಿನಲ್ಲೋ, ಒಂದು ಉದ್ಯಾನ ಮಾಡುವುದು. ಮೊದಲು ಬೆಂಚು, ವಾದ್ಯಗೋಷ್ಠಿ, ದೋಣಿ. ಆಮೇಲೆ ತಿರುಗುವ ಮರದ ಕುದುರೆಗಳು. ಅದರ ಬೆನ್ನಿಗೇ ಮರದ ರೋಲರ್ ಕೋಸ್ಟರ್. ‘ಟ್ರಾಲಿ ಪಾರ್ಕ್’ ಎಂಬ ಹೆಸರು ಬಂದದ್ದು ಹೀಗೆ. ಪೆನ್ಸಿಲ್ವೇನಿಯಾ ರಾಜ್ಯದ ಲೇಕ್‌ಮಾಂಟ್ (1894), ಪಿಟ್ಸ್‌ಬರ್ಗ್ ಬಳಿಯ ಕೆನಿವುಡ್ (1898) ಎರಡೂ ಇದೇ ಜಾತಿಯವು.

ಬಂದಷ್ಟೇ ಬೇಗ ಇವುಗಳ ಕಾಲ ಮುಗಿಯುತ್ತಲೂ ಬಂತು. ಜನ ಕಾರು ಕೊಂಡರು, ಟ್ರಾಮ್ ಸೊರಗಿತು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ನೂರಾರು ಉದ್ಯಾನಗಳು ಬಾಗಿಲು ಹಾಕಿದವು. 1955ರಲ್ಲಿ ಡಿಸ್ನಿಲ್ಯಾಂಡ್ ಬಂದ ಮೇಲೆ ಮನರಂಜನೆಯ ಅಳತೆಗೋಲೇ ಬೇರೆಯಾಯಿತು. ಉಳಿದ ಸಣ್ಣ ಉದ್ಯಾನಗಳನ್ನು ಕಾಪಾಡುವುದು ಹೇಗೆ ಎಂಬ ಪ್ರಶ್ನೆಗೆ ಪೆನ್ಸಿಲ್ವೇನಿಯಾ ಒಂದೇ ಮೂರು ಬೇರೆ ಬೇರೆ ಉತ್ತರ ಕೊಟ್ಟಿದೆ.

ಮೊದಲನೆಯದು ಬಿರುದಿನ ದಾರಿ. ಲೇಕ್‌ಮಾಂಟ್‌ನಲ್ಲಿ 1902ರಲ್ಲಿ ಕಟ್ಟಿದ ‘ಲೀಪ್ ದಿ ಡಿಪ್ಸ್’ ಇದೆ. ಇಂದು ನಿಂತಿರುವ ರೋಲರ್ ಕೋಸ್ಟರ್‌ಗಳಲ್ಲಿ ಜಗತ್ತಿಗೇ ಹಳೆಯದು. ಎತ್ತರ 41 ಅಡಿ, ಸರಾಸರಿ ವೇಗ ಗಂಟೆಗೆ ಸುಮಾರು 10 ಮೈಲಿ, ಅಂದರೆ ಸೈಕಲ್ಲಿನಷ್ಟು. ಬಂಡಿಯನ್ನು ಹಳಿಗೆ ಕೆಳಗಿನಿಂದ ಹಿಡಿದಿಡುವ ಚಕ್ರಗಳಿಲ್ಲ. ಕೂತವರಿಗೆ ಬೆಲ್ಟೂ ಇಲ್ಲ. 1985ರಲ್ಲಿ ಅದು ನಿಂತುಹೋಯಿತು. 1996ರಲ್ಲಿ ‘ರಾಷ್ಟ್ರೀಯ ಐತಿಹಾಸಿಕ ಸ್ಮಾರಕ’ ಎಂಬ ಮನ್ನಣೆ ಸಿಕ್ಕಿತು. ಆದರೆ ಆ ದೇಶದಲ್ಲಿ ಈ ಬಿರುದಿಗೆ ಗೌರವ ಎಷ್ಟಿದೆಯೋ ಬಲ ಅಷ್ಟಿಲ್ಲ. ಖಾಸಗಿ ಮಾಲೀಕ ತನ್ನ ದುಡ್ಡಿನಲ್ಲಿ ಸ್ಮಾರಕವನ್ನು ಕೆಡವಲು ಹೊರಟರೆ ಬಿರುದೊಂದೇ ಅವನನ್ನು ತಡೆಯಲಾರದು. ಹಣ ಕೂಡಿಸಿ, ಮರ ಬದಲಿಸಿ, ಬಂಡಿ ಮತ್ತೆ ಓಡುವ ಹೊತ್ತಿಗೆ 1999 ಬಂದಿತ್ತು.

ಎರಡನೆಯದು ಅಭಿಮಾನದ ದಾರಿ. ರಾಜ್ಯದ ವಾಯವ್ಯ ಮೂಲೆಯ ಕಾನಿಯಟ್ ಲೇಕ್ ಪಾರ್ಕ್ 1892ರದು. 1997ರಲ್ಲಿ ಅದನ್ನು ಸಾರ್ವಜನಿಕ ಟ್ರಸ್ಟಿಗೆ ಒಪ್ಪಿಸಲಾಯಿತು. ಅಲ್ಲಿನ ‘ಬ್ಲೂ ಸ್ಟ್ರೀಕ್’ 1938ರ ಮರದ ಕೋಸ್ಟರ್. ಊರವರು ಪ್ರೀತಿಯಿಂದ ದುಡಿದರು, ದೂರದವರು ಕೈಲಾದಷ್ಟು ಕೊಟ್ಟರು. ಸಾಲ ಮತ್ತು ತೆರಿಗೆಯ ಬಾಕಿ ಮಾತ್ರ ಪ್ರೀತಿಗೆ ಕರಗುವಂಥವಲ್ಲ. 2021ರಲ್ಲಿ ಉದ್ಯಾನ ಮಾರಾಟವಾಯಿತು. 2022ರ ಜನವರಿಯಲ್ಲಿ, ಕೆಡವುವ ಕೆಲಸ ನಡೆದಿದ್ದಾಗಲೇ ಬ್ಲೂ ಸ್ಟ್ರೀಕ್ ಬೆಂಕಿಗೆ ಆಹುತಿಯಾಯಿತು.

ಮೂರನೆಯ ದಾರಿ ಬಡಗಿಗಳದು. ಎಲಿಸ್‌ಬರ್ಗ್ ಎಂಬ ಸಣ್ಣ ಊರಿನ ಹತ್ತಿರ ನೋಬಲ್ಸ್ ಉದ್ಯಾನವಿದೆ. ನಡೆಸುವ ಕುಟುಂಬದ ಮೂಲ ಕಸುಬು ಮರದ ವ್ಯಾಪಾರ. 1926ರಲ್ಲಿ ಈಜುಕೊಳ, ಊಟದ ಮನೆ, ತಿರುಗುವ ಕುದುರೆಗಳೊಂದಿಗೆ ಶುರುವಾದ ಇಲ್ಲಿ ಇಂದಿಗೂ ಪ್ರವೇಶ ಉಚಿತ. ಯಾವ ಆಟ ಬೇಕೋ ಅದಕ್ಕಷ್ಟೇ ಟಿಕೆಟ್ಟು. ಮೊಮ್ಮಕ್ಕಳ ಜೊತೆ ಬಂದ ಅಜ್ಜಿ ಬರೀ ಬೆಂಚಿನ ಮೇಲೆ ಕೂತರೆ ಆಕೆಗೆ ಒಂದು ಪೈಸೆ ಖರ್ಚಿಲ್ಲ. ಹಳೆಯ ಜಾತ್ರೆಯ ಲೆಕ್ಕಾಚಾರ ಇದು.

1980ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಒಂದು ಉದ್ಯಾನ ಮುಚ್ಚಿತ್ತು. ಅದರ ‘ರಾಕೆಟ್’ ಎಂಬ 78 ಅಡಿ ಎತ್ತರದ ಮರದ ಕೋಸ್ಟರ್ ಪಾಳು ಬಿದ್ದಿತ್ತು. 1940ರ ದಶಕದ ಕೊನೆಯಲ್ಲಿ ಅದನ್ನು ರೂಪಿಸಿದ್ದು ಪೆನ್ಸಿಲ್ವೇನಿಯಾದ್ದೇ ಆದ ಫಿಲಡೆಲ್ಫಿಯಾ ಟೊಬೊಗನ್ ಕಂಪನಿ. ನೋಬಲ್ಸ್‌ನವರು ಅದನ್ನು ಕೊಂಡರು. ನಕ್ಷೆ ಸಿಗಲಿಲ್ಲ. ಹಾಗಾಗಿ ಬಿಚ್ಚುವಾಗ ತುಂಡು ತುಂಡಿಗೂ ಗುರುತು ಹಾಕಿ, ಲಾರಿಗಳಲ್ಲಿ ಸಾಗಿಸಿ, ಸಾವಿರಕ್ಕೂ ಹೆಚ್ಚು ಮೈಲಿ ದಾಟಿ ಬಂದ ಆ ರಾಶಿಯನ್ನು ಮತ್ತೆ ಜೋಡಿಸಿದರು. 1985ರ ಜೂನ್‌ನಲ್ಲಿ ಅದು ‘ಫೀನಿಕ್ಸ್’ ಎಂಬ ಹೆಸರಿನಲ್ಲಿ ಓಡಿತು. ಹಳೆಯ ಮರದ ಕೋಸ್ಟರನ್ನು ಬಿಚ್ಚಿ ಬೇರೆಡೆ ಕಟ್ಟಬಹುದು ಎಂಬ ಧೈರ್ಯ ಇತರರಿಗೆ ಬಂದದ್ದು ಇದರಿಂದ. ಮುಂದೆ, 2018ರಿಂದಾಚೆಗೆ, ಉದ್ಯಮದ ‘ಗೋಲ್ಡನ್ ಟಿಕೆಟ್’ ಪ್ರಶಸ್ತಿಯಲ್ಲಿ ಹಲವು ವರ್ಷ ಇದೇ ಅತ್ಯುತ್ತಮ ಮರದ ಕೋಸ್ಟರ್ ಎನಿಸಿಕೊಂಡಿತು.

ಇಲ್ಲೊಂದು ತಕರಾರು ಏಳಬಹುದು. ಮಳೆ, ಹಿಮ, ಬಂಡಿಯ ಗುದ್ದು ತಿನ್ನುವ ಮರವನ್ನು ವರ್ಷ ವರ್ಷವೂ ಬದಲಿಸಲೇಬೇಕು. ಕೆಲವು ದಶಕಗಳಲ್ಲಿ ಮೂಲದ ಹಲಗೆ ಎಷ್ಟು ಉಳಿದೀತು? ಹಾಗಿದ್ದರೆ ಕಾಪಾಡಿದ್ದು ಏನನ್ನು? ಕನ್ನಡಿಗರಿಗೆ ಇದರ ಉತ್ತರ ಹೊಸದಲ್ಲ. ದೇವಸ್ಥಾನದ ತೇರಿನ ಗಾಲಿ ಬದಲಾಗುತ್ತದೆ, ಅಚ್ಚು ಬದಲಾಗುತ್ತದೆ, ಹಗ್ಗವಂತೂ ಸರಿಯೇ. ಆದರೂ ಅದು ಅಜ್ಜ ಎಳೆದ ತೇರೇ. ಎಳೆಯುವುದು ನಿಂತ ವರ್ಷವಷ್ಟೇ ಅದು ಮರದ ರಾಶಿಯಾಗುತ್ತದೆ. ಕೋಸ್ಟರಿನಲ್ಲೂ ಉಳಿಯಬೇಕಾದದ್ದು ಇಳಿಜಾರಿನ ಆಕಾರ, ಮತ್ತು ಯಾವ ತೊಲೆ ಯಾವಾಗ ಸೋಲುತ್ತದೆಂದು ಸದ್ದಿನಲ್ಲೇ ಅರಿಯುವ ಬಡಗಿಯ ಕಿವಿ. ಬಡಗಿಗೆ ದಿನಗೂಲಿ ಹುಟ್ಟಬೇಕಾದರೆ ಬಂಡಿ ಓಡಬೇಕು, ಜನ ಟಿಕೆಟ್ಟು ಕೊಳ್ಳಬೇಕು.

ದೆಹಲಿಯ ಓದುಗರಿಗೆ ಅಪ್ಪು ಘರ್ ನೆನಪಾಗಬಹುದು. 1982ರ ಏಷ್ಯನ್ ಗೇಮ್ಸ್‌ನ ಆನೆಮರಿಯ ಹೆಸರು ಹೊತ್ತು 1984ರಲ್ಲಿ ಪ್ರಗತಿ ಮೈದಾನದಲ್ಲಿ ತೆರೆದ ಅದು 2008ರಲ್ಲಿ ಮುಚ್ಚಿತು. ನೆಲ ಸುಪ್ರೀಂ ಕೋರ್ಟಿನ ವಿಸ್ತರಣೆಗೂ ಮೆಟ್ರೋಗೂ ಹೋಯಿತು. ಎರಡೂ ಊರಿಗೆ ಬೇಕಾದವೇ. ಆದರೆ ಅಲ್ಲಿನ ಆಟವೊಂದನ್ನು ಗುರುತು ಹಾಕಿ ಬಿಚ್ಚಿ, ಮತ್ತೊಂದು ಊರಿನಲ್ಲಿ ಜೋಡಿಸುವುದನ್ನೂ ಪರಂಪರೆಯ ಕೆಲಸವೆಂದೇ ಎಣಿಸುವ ರೂಢಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಗುಡಿ, ಕೋಟೆ, ಅರಮನೆಗಳಿಗೆ ನಮ್ಮಲ್ಲಿ ಪಟ್ಟಿಗಳಿವೆ. ಸಾಮಾನ್ಯ ಜನ ಭಾನುವಾರ ಕಿರುಚಿ ನಕ್ಕ ಜಾಗಗಳಿಗೂ ಒಂದು ಪಟ್ಟಿ ಬೇಕು. ಪಟ್ಟಿಯ ಪಕ್ಕದಲ್ಲಿ ಒಬ್ಬ ಬಡಗಿಯೂ ಬೇಕು.