ಗುರಾಣಿಯೋ ಸಾಧನೆಯೋ: ಅವಿಲಾದ ತೆರೇಸಾರಲ್ಲಿ ಬಾಯಿಪ್ರಾರ್ಥನೆ ಮತ್ತು ಮೌನಧ್ಯಾನ

ಸ್ಪೇನಿನ ಕಾರ್ಮೆಲ್ ಸಭೆಯನ್ನು ಸುಧಾರಿಸಿದ ಅವಿಲಾದ ಸಂತ ತೆರೇಸಾ (1515–1582) ಮೌನಧ್ಯಾನದ ಗುರು ಎಂದೇ ಹೆಸರಾದವರು. ಆದರೆ ತಮ್ಮ ಮಠದ ಸೋದರಿಯರಿಗಾಗಿ 1560ರ ದಶಕದಲ್ಲಿ ಬರೆದ ‘ಪರಿಪೂರ್ಣತೆಯ ಮಾರ್ಗ’ದ 42 ಅಧ್ಯಾಯಗಳಲ್ಲಿ ಕೊನೆಯ 16ನ್ನು ಅವರು ಪರಲೋಕ ಮಂತ್ರದ ಸುತ್ತಲೇ ಹೆಣೆದಿದ್ದಾರೆ. ಪ್ರತಿಯೊಬ್ಬ ಕ್ರೈಸ್ತರಿಗೂ ಬಾಯಿಪಾಠವಾಗಿದ್ದ ಈ ಪ್ರಾರ್ಥನೆಗೆ ಮೌನದ ಗುರು ಇಷ್ಟು ಜಾಗ ಕೊಟ್ಟದ್ದೇಕೆ? ತೆರೇಸಾರ ವಿನಯ, ವ್ಯಂಗ್ಯ, ಅಬಲೆಯ ಮಾತಿನ ಧಾಟಿಗಳು ಅಧಿಕಾರಸ್ಥ ಗಂಡಸರ ನಡುವೆ ದಾರಿ ಮಾಡಿಕೊಳ್ಳುವ ಬರಹತಂತ್ರಗಳೆಂದು ಆಲಿಸನ್ ವೆಬರ್ 1990ರ ಗ್ರಂಥದಲ್ಲಿ ತೋರಿಸಿದರು. ಅದೇ ತರ್ಕವನ್ನು ಮುಂದಕ್ಕೆಳೆದರೆ ಬಾಯಿಪ್ರಾರ್ಥನೆಯ ಹೊಗಳಿಕೆಯೂ ಗುರಾಣಿಯಾಗಿ, ಅದರ ಮರೆಯಲ್ಲಿ ಕಾಪಾಡಬೇಕಾಗಿದ್ದ ಅಸಲು ಸಂಗತಿ ಮೌನವಾಗಿ ಕಾಣುತ್ತದೆ. ವೆಬರ್ ಅವರ ಮೂಲ ವಾದಕ್ಕೆ ನನ್ನ ತಕರಾರಿಲ್ಲ. ಅದನ್ನು ಇಲ್ಲಿಯವರೆಗೆ ಎಳೆಯುವುದಕ್ಕೆ ಇದೆ.

ಹಿನ್ನೆಲೆಯ ಬಗ್ಗೆ ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಮ್ಮತವಿದೆ. 1525ರ ತೊಲೇದೊ ಆಜ್ಞೆ ‘ಅಲುಂಬ್ರಾದೊ’ ಎಂಬ ಅಂತರ್ಮುಖಿ ಭಕ್ತರನ್ನು ಖಂಡಿಸಿತು. ಅಲ್ಲಿಂದಾಚೆ ಮನಸ್ಸಿನೊಳಗೇ ಪ್ರಾರ್ಥಿಸುವವರನ್ನು, ಅದರಲ್ಲೂ ಹೆಂಗಸರನ್ನು, ಗುಮಾನಿಯಿಂದ ನೋಡುವುದು ವಾಡಿಕೆಯಾಯಿತು. 1559ರಲ್ಲಿ ಇನ್‌ಕ್ವಿಸಿಷನ್ನಿನ ಮುಖ್ಯಸ್ಥ ಫೆರ್ನಾಂದೊ ದೆ ವಾಲ್ದೆಸ್ ಹೊರಡಿಸಿದ ನಿಷಿದ್ಧ ಗ್ರಂಥಗಳ ಪಟ್ಟಿಯಲ್ಲಿ ಲೂಯಿಸ್ ದೆ ಗ್ರನಾದರ ಪ್ರಾರ್ಥನಾಗ್ರಂಥವೂ ಸೇರಿತು. ಲ್ಯಾಟಿನ್ ಬಾರದವರ ಕೈಯಿಂದ ದೇಶಭಾಷೆಯ ಪುಸ್ತಕಗಳು ಜಾರಿದವು. ಆ ನೋವನ್ನು ತೆರೇಸಾ ಆತ್ಮಚರಿತ್ರೆಯಲ್ಲೇ ತೋಡಿಕೊಂಡಿದ್ದಾರೆ. ಮೂರು ವರ್ಷಗಳ ನಂತರ, 1562ರಲ್ಲಿ, ಅವಿಲಾದಲ್ಲಿ ಸಂತ ಜೋಸೆಫರ ಹೆಸರಿನ, ತೆರೇಸಾರ ಸುಧಾರಣೆಯ ಪುಟ್ಟ ಮಠ ಆರಂಭವಾಯಿತು.

ವಿವಾದದ ಗಂಟು ಇರುವುದು ‘ಪರಿಪೂರ್ಣತೆಯ ಮಾರ್ಗ’ದ 21ನೆಯ ಅಧ್ಯಾಯದಲ್ಲಿ. ಮೌನಧ್ಯಾನ ಹೆಂಗಸರಿಗೆ ಅಪಾಯ, ಅವರು ಭ್ರಮೆಗೆ ಬೀಳುತ್ತಾರೆ, ನೂಲು ತೆಗೆದುಕೊಂಡಿರಲಿ, ಪರಲೋಕ ಮಂತ್ರ ಮತ್ತು ನಮೋ ಮರಿಯಾ ಹೇಳಿಕೊಂಡರೆ ಸಾಕು ಎಂಬ ಆಕ್ಷೇಪಗಳನ್ನು ತೆರೇಸಾ ಸಾಲಾಗಿ ಪೇರಿಸುತ್ತಾರೆ. ಕೊನೆಯದಕ್ಕೆ ಮಾತ್ರ, ಹೌದು, ಅಷ್ಟು ಸಾಕು ಎಂದು ತಲೆದೂಗುತ್ತಾರೆ. ಇದು ವ್ಯಂಗ್ಯವೆಂಬುದರಲ್ಲಿ ಅನುಮಾನವಿಲ್ಲ. ವ್ಯಂಗ್ಯದ ಮೊನೆ ಎತ್ತ ತಿರುಗಿದೆ ಎಂಬುದಷ್ಟೇ ಪ್ರಶ್ನೆ. ಒಪ್ಪಿಗೆಯೇ ಸೋಗಾಗಿರಬಹುದು, ಇಲ್ಲವೇ ಎದುರಾಳಿ ಕ್ಷುಲ್ಲಕವೆಂದು ಕೊಟ್ಟದ್ದನ್ನು ಸರ್ವಸ್ವವೆಂದು ಸ್ವೀಕರಿಸುವ ಜಾಣತನವೂ ಆಗಿರಬಹುದು.

ಹಸ್ತಪ್ರತಿಗಳು ಇದನ್ನು ಇತ್ಯರ್ಥ ಮಾಡುವುದಿಲ್ಲ. ಗ್ರಂಥದ ಎರಡು ಪಾಠಗಳು ತೆರೇಸಾರ ಕೈಬರಹದಲ್ಲೇ ಉಳಿದಿವೆ. ಮೊದಲನೆಯದಾದ ಎಸ್ಕೊರಿಯಲ್ ಪ್ರತಿಯಲ್ಲಿ, ಲೋಕದ ನ್ಯಾಯಾಧೀಶರೆಲ್ಲ ಗಂಡಸರೇ ಆದ್ದರಿಂದ ಹೆಣ್ಣಿನ ಗುಣಗಳೆಲ್ಲ ಅವರಿಗೆ ಸಂಶಯಾಸ್ಪದ ಎಂಬ ಅರ್ಥದ ಮಾತಿದೆ. ಆ ಭಾಗವನ್ನು ಹೊಡೆದುಹಾಕಲಾಗಿದೆ, ಎರಡನೆಯದಾದ ವಯ್ಯದೊಲಿದ್ ಪ್ರತಿಯಲ್ಲಿ ಅದು ಇಲ್ಲವೇ ಇಲ್ಲ. ಪರಲೋಕ ಮಂತ್ರದ ವ್ಯಾಖ್ಯಾನ ಎರಡರಲ್ಲೂ ಇದೆ. ಅದು ಉಳಿದದ್ದು ತೆರೇಸಾರ ನಿಷ್ಠೆಗೆ ಸಾಕ್ಷಿ ಎನ್ನಲು ಮನಸ್ಸಾಗುತ್ತದೆ. ಆದರೆ ನಿರಪಾಯವಾದ ಭಾಗ ಉಳಿಯುವುದು ಸಹಜವೇ ಎಂದು ಗುರಾಣಿವಾದಿಗಳೂ ಹೇಳಬಹುದು.

ನಿರ್ಣಾಯಕ ಸಾಕ್ಷ್ಯ 30ನೆಯ ಅಧ್ಯಾಯದಲ್ಲಿದೆ. ವಯಸ್ಸಾದ ಸೋದರಿಯೊಬ್ಬರು ಕಳವಳಪಡುತ್ತ ತೆರೇಸಾರ ಬಳಿ ಬರುತ್ತಾರೆ. ಅವರಿಗೆ ಮೌನಧ್ಯಾನ ಹಿಡಿಯುವುದೇ ಇಲ್ಲ, ಬಾಯಲ್ಲಿ ಹೇಳಿಕೊಂಡರೆ ಮಾತ್ರ ಮನಸ್ಸು ನಿಲ್ಲುತ್ತದೆ. ಯೇಸುಸ್ವಾಮಿ ರಕ್ತ ಸುರಿಸಿದ ಸಂದರ್ಭಗಳನ್ನು ನೆನೆದು ಕೆಲವು ಪರಲೋಕ ಮಂತ್ರ ಹೇಳುವುದರಲ್ಲೇ ಗಂಟೆಗಳು ಕಳೆಯುತ್ತವೆ. ಹೇಗೆ ಪ್ರಾರ್ಥಿಸುತ್ತೀರಿ ಎಂದು ವಿಚಾರಿಸಿದ ತೆರೇಸಾರಿಗೆ, ಆಕೆ ಆಗಲೇ ಶುದ್ಧ ಧ್ಯಾನದ ನೆಲೆಯಲ್ಲಿದ್ದಾರೆಂದು ತಿಳಿಯುತ್ತದೆ. ಮೌನವೇ ಗುರಿ, ಮಾತು ಬರೀ ಮರೆ ಎನ್ನುವುದಾದರೆ ಈ ಪ್ರಸಂಗ ಬೇಕಿರಲಿಲ್ಲ. ಅದು ನಿರಪಾಯವೂ ಅಲ್ಲ: ಮೌನಧ್ಯಾನ ಒಲಿಯದ ಹೆಂಗಸು ಎಲ್ಲರ ಬಾಯಲ್ಲಿರುವ ಪ್ರಾರ್ಥನೆಯಿಂದಲೇ ದೈವೈಕ್ಯಕ್ಕೆ ಏರಬಲ್ಲಳು ಎನ್ನುವ ಮಾತು ವಿಚಾರಣಾಧಿಕಾರಿಗಳಿಗೆ ರುಚಿಸುವಂಥದ್ದಲ್ಲ.

ಇದಕ್ಕೆ ಎರಡು ಪೋಷಕ ಸಂಗತಿಗಳಿವೆ. 1567ರ ಮಠನಿಯಮಾವಳಿ ಸಾಮೂಹಿಕ ದೈನಂದಿನ ಪ್ರಾರ್ಥನೆಯ ಜೊತೆಗೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮೌನಪ್ರಾರ್ಥನೆಯನ್ನು ವಿಧಿಸುತ್ತದೆ. ದಿನಚರಿಯಲ್ಲೇ ಬರೆದಿಟ್ಟದ್ದನ್ನು ಬಚ್ಚಿಟ್ಟಂತಾಗದು. ಇನ್ನೊಂದು, ತೆರೇಸಾ ಬಾಯಿಪ್ರಾರ್ಥನೆಯನ್ನು ಟೀಕಿಸದೆ ಬಿಟ್ಟವರಲ್ಲ. ಯಾರೊಡನೆ ಮಾತಾಡುತ್ತಿದ್ದೇನೆಂಬ ಎಚ್ಚರವಿಲ್ಲದೆ ತುಟಿ ಎಷ್ಟು ಆಡಿದರೂ ಅದು ಪ್ರಾರ್ಥನೆಯಲ್ಲವೆಂದು 1577ರ ‘ಅಂತರಂಗದ ಕೋಟೆ’ಯ ಆರಂಭದಲ್ಲೇ ಹೇಳುತ್ತಾರೆ. ತನ್ನ ಗುರಾಣಿಗೆ ತಾನೇ ತೂತು ಕೊರೆಯುವವರುಂಟೇ?

ಹಾಗಾದರೆ ತೆರೇಸಾರಲ್ಲಿ ಮಾತು ಮತ್ತು ಮೌನ ಒಂದರ ಮೇಲೊಂದು ಇರುವ ಮೆಟ್ಟಿಲುಗಳಲ್ಲ. ಒಂದೇ ಎಚ್ಚರದ ಎರಡು ರೀತಿಗಳು. ಈ ಮಾತಿಗೆ ಮಿತಿಗಳಿವೆ. ಇದು ‘ಮಾರ್ಗ’ಕ್ಕೆ ಅನ್ವಯಿಸಿದಷ್ಟು ಸಲೀಸಾಗಿ ‘ಕೋಟೆ’ಯ ‘ನಿವಾಸ’ಗಳೆಂಬ ಹಂತಗಳಲ್ಲಿ ಕೊನೆಯವಕ್ಕೆ ಅನ್ವಯಿಸದು. ತೆರೇಸಾ ಮುಂಜಾಗ್ರತೆಯಿಂದ ಬರೆಯಲಿಲ್ಲವೆಂದೂ ಇದರರ್ಥವಲ್ಲ: ಒಂದೇ ವಾಕ್ಯ ಉಪಾಯವೂ ನಂಬಿಕೆಯೂ ಆಗಿರಬಹುದು. 31ನೆಯ ಅಧ್ಯಾಯವಂತೂ ಎರಡೂ ಕಡೆಗೆ ವಾಲುತ್ತದೆ. ಅಲ್ಲಿ ಪ್ರಶಾಂತಿ ಆವರಿಸಿದಾಗ ಒಂದು ಪರಲೋಕ ಮಂತ್ರಕ್ಕೇ ಒಂದು ಗಂಟೆ ಹಿಡಿಯಬಹುದು. ಅಂಥ ಹೊತ್ತಿನಲ್ಲೂ ದಿನದ ಲೆಕ್ಕ ಮುಗಿಸುವ ಅವಸರಕ್ಕೆ ಬೀಳುವವರನ್ನು ತೆರೇಸಾ ಎಚ್ಚರಿಸುತ್ತಾರೆ. ಆಗೊಂದು ಈಗೊಂದು ಮಾತು ಸಾಕೆನ್ನುತ್ತಾರೆ. ಇದು ಮೌನದ ಪರವೆಂದು ಓದಬಹುದು. ಅವರು ಬಿಡಿಸುತ್ತಿರುವುದು ಮಾತನ್ನಲ್ಲ, ಲೆಕ್ಕವನ್ನು ಎಂದು ನಾನು ಓದುತ್ತೇನೆ. ವಾಚಿಕಕ್ಕಿಂತ ಉಪಾಂಶು, ಉಪಾಂಶುವಿಗಿಂತ ಮಾನಸ ಜಪ ಮೇಲೆಂಬ ಮನುಸ್ಮೃತಿಯ ಶ್ರೇಣಿಗೆ ಒಗ್ಗಿದ ಕನ್ನಡ ಓದುಗರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಆ ಏಣಿಯ ಮೇಲೆ ತೆರೇಸಾರನ್ನು ನಿಲ್ಲಿಸಿದರೆ 30ನೆಯ ಅಧ್ಯಾಯದ ಸೋದರಿ ಕೆಳಮೆಟ್ಟಿಲಲ್ಲೇ ಉಳಿಯುತ್ತಾರೆ.

ಈ ವಾದ ಗ್ರಂಥಪಾಠಕ್ಕಷ್ಟೇ ಸೀಮಿತ. ಗುರು ಬರೆದದ್ದನ್ನು ಸೋದರಿಯರು ದಿನನಿತ್ಯ ಹೇಗೆ ಬಾಳಿದರೆಂಬುದನ್ನು ಅರಿಯಲು, 1622ರ ಸಂತಪದವಿಗೆ ಮುನ್ನ ನಡೆದ ವಿಚಾರಣೆಗಳಲ್ಲಿ ಅವರು ಕೊಟ್ಟ ಹೇಳಿಕೆಗಳನ್ನು ಈ ಪ್ರಶ್ನೆಯಿಟ್ಟುಕೊಂಡೇ ಓದಬೇಕು. ಇದೇ ಪರಂಪರೆ 1870ರಲ್ಲಿ ಮಂಗಳೂರಿಗೂ ಬಂದು ಏಕಾಂತವಾಸಿ ಕಾರ್ಮೆಲ್ ಮಠವಾಗಿ ನೆಲೆಯೂರಿತು. ಜಪಸರದ ಸಾಮೂಹಿಕ ಪಠಣ ಮನೆಮನೆಯ ರೂಢಿಯಾಗಿದ್ದ ಕರಾವಳಿಯಲ್ಲಿ ತೆರೇಸಾರ ಈ ಪಾಠ ಯಾವ ರೂಪ ತಳೆಯಿತೆಂಬುದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯ ವಿಷಯ.