ಕೊಡಗಿನಲ್ಲಿ ಕ್ರಿಸ್ತಜಯಂತಿ

ಹುತ್ತರಿಯ ಕದಿರು ಮನೆಗೆ ಬಂದು, ಮಂದುಗಳಲ್ಲಿ ಕೋಲಾಟದ ಸದ್ದಡಗಿ, ಕಾಫಿಯ ಗಿಡಗಳಲ್ಲಿ ಹಣ್ಣು ಕೆಂಪೇರುವ ಕಾಲಕ್ಕೆ ನಮ್ಮ ಜಿಲ್ಲೆಯಲ್ಲಿ ಮತ್ತೊಂದು ಹಬ್ಬವು ಬರುವುದು. ಕ್ರೈಸ್ತರ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗುವುವು. ಇಗರ್ಜಿಗಳಲ್ಲಿ ಹುಲ್ಲಿನ ಗೋದಲಿ ಸಿದ್ಧವಾಗುವುದು. ಕೊಂಕಣಿ ಕ್ರೈಸ್ತರ ಅಡಿಗೆಮನೆಯಿಂದ ಕುಸ್ವಾರಿನ ತಟ್ಟೆಗಳು ನೆರೆಮನೆಗಳಿಗೆ ಹೊರಡುವುವು. ನಮ್ಮಲ್ಲಿ ಅನೇಕರಿಗೆ ಈ ಹಬ್ಬದ ಪರಿಚಯವು ಆ ತಟ್ಟೆಯಿಂದ ಆರಂಭವಾಗಿ ಆ ತಟ್ಟೆಯಲ್ಲಿಯೇ ಮುಗಿಯುವುದು. ಈ ಹಬ್ಬದ ತಿರುಳೇನು, ಆ ತಿರುಳಿಗೂ ನಮ್ಮ ನಾಡಿನ ಚರಿತ್ರೆಗೂ ಇರುವ ಸಂಬಂಧವೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕ್ರಿಸ್ತನು ಹುಟ್ಟಿದ ದಿನ ಯಾವುದೆಂದು ಸುವಾರ್ತೆಗಳು ಹೇಳುವುದಿಲ್ಲ. ಡಿಸೆಂಬರ್ 25 ಎಂಬ ದಿನವು ರೋಮಿನಲ್ಲಿ ಕ್ರಿಸ್ತಶಕ 4ನೆಯ ಶತಮಾನದಲ್ಲಿ ರೂಢಿಗೆ ಬಂದುದು. ಗೋದಲಿಯನ್ನು ಕಟ್ಟಿ ತೋರಿಸುವ ಪದ್ಧತಿಯು ಹಬ್ಬಿದುದು 1223ರಲ್ಲಿ ಇಟಲಿಯ ಗ್ರೆಚ್ಚಿಯೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸನು ಮಾಡಿದ ಏರ್ಪಾಟಿನಿಂದ. ಆದುದರಿಂದ ತಿಥಿಯೂ ಅಲಂಕಾರವೂ ಕಾಲಾನುಕಾಲಕ್ಕೆ ಸೇರಿದುವು. ಮೂಲದಲ್ಲಿ ಇರುವುದು ಕಥೆಯೊಂದೇ. ಆ ಕಥೆ ಬಹಳ ಸರಳವಾದುದು. ಚಕ್ರವರ್ತಿಯು ಜನಗಣತಿಗೆ ಆಜ್ಞೆಮಾಡಿದನು. ಬಡಗಿಯೊಬ್ಬನು ತುಂಬುಗರ್ಭಿಣಿಯಾದ ಮರಿಯಳೊಡನೆ ದೂರದ ಬೆತ್ಲೆಹೇಮಿಗೆ ನಡೆದುಬಂದನು. ಛತ್ರದಲ್ಲಿ ಅವರಿಗೆ ಸ್ಥಳ ದೊರೆಯಲಿಲ್ಲ. ಮಗುವು ಹುಟ್ಟಿದಾಗ ತಾಯಿ ಅದನ್ನು ದನಗಳು ಮೇವು ತಿನ್ನುವ ಗೋದಲಿಯಲ್ಲಿ ಮಲಗಿಸಿದಳು. ಆ ಸುದ್ದಿಯನ್ನು ಮೊದಲು ಕೇಳಿದವರು ರಾತ್ರಿಯಲ್ಲಿ ಹಿಂಡು ಕಾಯುತ್ತಿದ್ದ ಕುರಿಗಾಹಿಗಳು. ಸ್ವಲ್ಪ ಕಾಲದಲ್ಲಿಯೇ ಹೆರೋದರಸನ ಕತ್ತಿಗೆ ಹೆದರಿ ಆ ಕುಟುಂಬವು ಐಗುಪ್ತ ದೇಶಕ್ಕೆ ಓಡಿಹೋಗಬೇಕಾಯಿತು.

ಲೋಕವನ್ನು ಸೃಷ್ಟಿಸಿದವನೇ ಮನುಷ್ಯನಾಗಿ ಹುಟ್ಟಿದನೆಂಬುದು ಕ್ರೈಸ್ತರ ನಂಬಿಕೆ. ಅವತಾರವೆಂಬ ಮಾತು ನಮಗೆ ಹೊಸದಲ್ಲ. ಆದರೆ ಇಲ್ಲಿಯ ವಿಶೇಷವೇನೆಂದರೆ, ಲೋಕಕ್ಕೆ ಸ್ಥಳ ಕೊಟ್ಟವನಿಗೆ ಲೋಕದಲ್ಲಿ ಸ್ಥಳವಿಲ್ಲದೆ ಹೋಯಿತು. ಅವನು ಬಂದುದು ಗೆಲ್ಲುವವನಂತೆ ಅಲ್ಲ, ಬಾಗಿಲಲ್ಲಿ ನಿಂತು ಆಶ್ರಯ ಕೇಳುವವನಂತೆ. ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳನ್ನು ಕ್ರೈಸ್ತರು ಆಗಮನಕಾಲವೆಂದು ಆಚರಿಸಿ ಮನಸ್ಸನ್ನು ಅಣಿಮಾಡಿಕೊಳ್ಳುವರು. ಆ ಸಿದ್ಧತೆಯೆಲ್ಲವೂ ಒಂದೇ ಪ್ರಶ್ನೆಗೆ ಉತ್ತರ ಹುಡುಕುವುದಾಗಿದೆ: ಈ ಸಾರಿ ಛತ್ರದಲ್ಲಿ ಸ್ಥಳವುಂಟೆ? ಈ ಪ್ರಶ್ನೆಯನ್ನು ಹಿಡಿದುಕೊಂಡು ಕೊಡಗಿನ ಚರಿತ್ರೆಯನ್ನು ನೋಡಿದರೆ, ಇಲ್ಲಿಯ ಕ್ರೈಸ್ತಸಮಾಜದ ಕಥೆಯು ಬೇರೊಂದು ಬೆಳಕಿನಲ್ಲಿ ಕಾಣಿಸುವುದು.

1784ರಲ್ಲಿ ಟಿಪ್ಪು ಸುಲ್ತಾನನು ಕನ್ನಡ ಕರಾವಳಿಯ ಕ್ಯಾಥೊಲಿಕ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಹಲವು ಸಾವಿರ ಮಂದಿ ಮನೆಮಾರುಗಳನ್ನು ಬಿಟ್ಟು ಘಟ್ಟವೇರಿ ನಡೆದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಅನೇಕರು. ಮರುವರ್ಷ, 1785ರಲ್ಲಿ, ಕೊಡಗಿನವರಿಗೂ ಅದೇ ದುರ್ಗತಿ ಒದಗಿತು. ನಮ್ಮ ನಾಡಿನ ಒಕ್ಕಒಕ್ಕಗಳೇ ಶ್ರೀರಂಗಪಟ್ಟಣದ ಸೆರೆಗೆ ಸಾಗಿದುವು. ಕೊಡಗಿನ ರಾಜಕುಮಾರನಾದ ದೊಡ್ಡ ವೀರರಾಜೇಂದ್ರನೂ ಪಿರಿಯಾಪಟ್ಟಣದಲ್ಲಿ ಸೆರೆಯಾಗಿದ್ದು, 1788ರಲ್ಲಿ ತಪ್ಪಿಸಿಕೊಂಡು ಬಂದು, ನಾಡನ್ನು ಮತ್ತೆ ಕೈವಶಮಾಡಿಕೊಂಡನು. 1791ರಲ್ಲಿ ಇಂಗ್ರೇಜಿ ಸೇನಾನಿ ಅಬರ್‌ಕ್ರೋಂಬಿಯನ್ನು ತಾನು ಸಂಧಿಸಿದ ನೆನಪಿಗಾಗಿ 1792ರಲ್ಲಿ ಅವನು ಒಂದು ಪೇಟೆಯನ್ನು ಕಟ್ಟಿಸಿದನು. ಅದೇ ವೀರರಾಜೇಂದ್ರಪೇಟೆ, ಈಗಿನ ವಿರಾಜಪೇಟೆ.

ಆ ಹೊತ್ತಿಗೆ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ ಕೊಂಕಣಿ ಕ್ರೈಸ್ತರ ಕುಟುಂಬಗಳು ಕೊಡಗಿಗೆ ಬಂದುವು. ಅರಸನು ಅವರನ್ನು ಬಾಗಿಲಲ್ಲಿ ತಡೆಯಲಿಲ್ಲ. ಹೊಸ ಪೇಟೆಯಲ್ಲಿ ನೆಲೆಸಲು ನೆಲವನ್ನೂ, ಆರಾಧನೆಗೆ ಇಗರ್ಜಿಯನ್ನು ಕಟ್ಟಿಕೊಳ್ಳಲು ಸ್ಥಳವನ್ನೂ ಕೊಟ್ಟನು. ಸಂತ ಅನ್ನಮ್ಮನವರ ಇಗರ್ಜಿಯ ಮೂಲವು ಅದೇ. ಅನ್ನಮ್ಮನೆಂದರೆ ಮರಿಯಳ ತಾಯಿ, ಯೇಸುವಿನ ಅಜ್ಜಿ. ಮನೆಗೆಟ್ಟು ಬಂದ ಜನರು ಅಜ್ಜಿಯ ಹೆಸರಿನಲ್ಲಿ ಮನೆಯನ್ನು ಕಟ್ಟಿದುದು ಎಷ್ಟು ಸಹಜವಾಗಿದೆ!

ಅರಸನ ಈ ಔದಾರ್ಯದಲ್ಲಿ ರಾಜನೀತಿಯೂ ಬೆರೆತಿದ್ದಿರಬಹುದು. ಹಾಳುಬಿದ್ದ ನಾಡಿಗೆ ಜನ ಬೇಕಾಗಿತ್ತು, ಹೊಸ ಪೇಟೆಗೆ ವ್ಯಾಪಾರಿಗಳು ಬೇಕಾಗಿದ್ದರು. ಆದರೆ ಸೆರೆಯ ರುಚಿಯನ್ನು ಉಂಡವನಿಗೆ ಸೆರೆಯಿಂದ ಬಂದವನ ಮುಖವು ಬೇಗನೆ ಪರಿಚಯವಾಗುವುದೆಂಬುದೂ ಸುಳ್ಳಲ್ಲ. ಈ ಅರಸನು ಸಂತನಾಗಿರಲಿಲ್ಲ. 1809ರಲ್ಲಿ ಮರಣಹೊಂದುವುದಕ್ಕೆ ಮುಂಚಿನ ವರ್ಷಗಳಲ್ಲಿ ಸಿಂಹಾಸನದ ಚಿಂತೆಯಿಂದ ಸಂಶಯಗ್ರಸ್ತನಾಗಿ ತನ್ನವರ ರಕ್ತವನ್ನೇ ಹರಿಸಿದನು. ಮಗುವಿಗೆ ಹೆದರಿದ ಹೆರೋದನೂ, ಅತಿಥಿಗೆ ಬಾಗಿಲು ತೆರೆದ ಗೃಹಸ್ಥನೂ ಒಬ್ಬನೇ ಮನುಷ್ಯನಲ್ಲಿ ವಾಸಮಾಡಬಲ್ಲರು. ಹಾಗಿದ್ದರೂ 1792ರಲ್ಲಿ ತೆರೆದ ಬಾಗಿಲು ತೆರೆದುದೇ. ಕ್ರಿಸ್ತನನ್ನು ಪೂಜಿಸದ ವೀರಶೈವ ಅರಸನೊಬ್ಬನು ಕ್ರಿಸ್ತಜಯಂತಿಯ ಅರ್ಥವನ್ನು ಆಚರಿಸಿ ತೋರಿಸಿದನು.

ಇನ್ನು ಮಡಿಕೇರಿಯ ಕೋಟೆಗೆ ಹೋಗೋಣ. 1834ರಲ್ಲಿ ಇಂಗ್ರೇಜರು ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ತಮ್ಮ ಆಳಿಕೆಗೆ ಸೇರಿಸಿಕೊಂಡರು. ಆ ಮೇಲೆ, 1855ರಲ್ಲಿ, ಕೋಟೆಯೊಳಗಿನ ವೀರಭದ್ರನ ಗುಡಿಯನ್ನು ತೆಗೆಸಿ, ಆ ಸ್ಥಳದಲ್ಲಿ ಸಂತ ಮಾರ್ಕನ ಹೆಸರಿನ ಚರ್ಚನ್ನು ಕಟ್ಟಿಸಿದರು. ಅಲ್ಲಿಯೂ ವರ್ಷವರ್ಷವೂ ಡಿಸೆಂಬರ್ 25ರಂದು ಗೋದಲಿಯ ಕಥೆಯನ್ನು ಓದಿರಬೇಕು. ಆದರೆ ಒಬ್ಬರ ದೇವರನ್ನು ಹೊರಗೆ ಕಳುಹಿಸಿ ಪಡೆದ ಸ್ಥಳದಲ್ಲಿ, ಸ್ಥಳವಿಲ್ಲದವನ ಕಥೆಯನ್ನು ಓದುವುದು ಹೇಗೆ? ಇದು ಕ್ರೈಸ್ತಧರ್ಮದ ದೋಷವಲ್ಲ, ಅಧಿಕಾರದ ದೋಷ. ವಿರಾಜಪೇಟೆಯ ಕ್ರೈಸ್ತರು ಸ್ಥಳವನ್ನು ಬೇಡಿ ಪಡೆದರು. ಮಡಿಕೇರಿಯ ಆಳುವವರು ಸ್ಥಳವನ್ನು ತೆಗೆದುಕೊಂಡರು. ಎರಡಕ್ಕೂ ಇರುವ ಅಂತರವು ಗೋದಲಿಗೂ ಚಕ್ರವರ್ತಿಯ ಆಜ್ಞೆಗೂ ಇರುವಷ್ಟೇ. ಕಾಲವು ಇದಕ್ಕೆ ತನ್ನ ರೀತಿಯಲ್ಲಿ ಉತ್ತರ ಕೊಟ್ಟಿತು. 1971ರಲ್ಲಿ ಆ ಕಟ್ಟಡವು ಸರ್ಕಾರದ ವಸ್ತುಸಂಗ್ರಹಾಲಯವಾಯಿತು. ಇಂದು ಅದರೊಳಗೆ ಜೈನ ತೀರ್ಥಂಕರರ ಪ್ರತಿಮೆಗಳೂ ಹಳೆಯ ದೇವಶಿಲ್ಪಗಳೂ ನಿಂತಿವೆ.

ಅದೇ ರಾಜಮನೆತನದ ಮಗಳೊಬ್ಬಳ ಕಥೆಯನ್ನೂ ಇಲ್ಲಿ ನೆನೆಯಬೇಕು. ಚಿಕ್ಕ ವೀರರಾಜೇಂದ್ರನು ತನ್ನ ಮಗಳು ಗೌರಮ್ಮನನ್ನು ಕರೆದುಕೊಂಡು 1852ರಲ್ಲಿ ಇಂಗ್ಲೆಂಡಿಗೆ ಹೋದನು. ಆ ವರ್ಷದ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಅವಳಿಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನು ಅವಳಿಗೆ ಕೊಟ್ಟಳು. ಬಳಿಕ ತಂದೆಯಿಂದ ಬೇರ್ಪಡಿಸಿ ಅವಳನ್ನು ಇಂಗ್ರೇಜಿ ಮನೆಗಳಲ್ಲಿ ಬೆಳೆಸಲಾಯಿತು. ಕೊಡಗನ್ನು ಕಾಣದೆಯೇ 1864ರಲ್ಲಿ ಅವಳು ಲಂಡನ್ನಿನಲ್ಲಿ ತೀರಿಕೊಂಡಳು. ಆಗ ಅವಳಿಗೆ 22 ವರ್ಷ. ಅವಳಿಗೆ ಅರಮನೆಯಲ್ಲಿ ಸ್ಥಳವಿದ್ದಿತು, ತನ್ನವರ ನಡುವೆ ಇರಲಿಲ್ಲ. ಗೋದಲಿಯಲ್ಲಿ ಮಲಗಿದ ಮಗುವಿಗಾದರೋ ಪಕ್ಕದಲ್ಲಿ ತಾಯಿಯಿದ್ದಳು.

ಇದೇ ವರ್ಷಗಳಲ್ಲಿ ಕೊಡಗಿನ ಇನ್ನೊಂದು ಮೂಲೆಯಲ್ಲಿ ಬೇರೊಂದು ಕಾರ್ಯವು ನಡೆಯುತ್ತಿತ್ತು. 1843ರಲ್ಲಿ ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗನು, ಆಲ್ಮಂಡ ಒಕ್ಕದ ಸೋಮಯ್ಯನೆಂಬ ಕೊಡವನ ಕರೆಯಂತೆ 1853ರಲ್ಲಿ ಕೊಡಗಿಗೆ ಬಂದನು. ಬಂದವನಿಗೆ ಎದುರಾದುದು ಆ ಕಾಲದ ಕಠಿಣ ಸತ್ಯ: ಗದ್ದೆಗಳನ್ನು ಗೇಯುವ ಜನರನ್ನು ಅಸ್ಪೃಶ್ಯರೆಂದು ಊರು ದೂರವಿಟ್ಟಿತ್ತು. ನೆಲದೊಡನೆಯೇ ಅವರೂ ಒಡೆಯರಿಗೆ ಸೇರಿದವರೆಂಬ ಪದ್ಧತಿಯಿದ್ದಿತು. 1843ರ ಕಾನೂನು ಗುಲಾಮಗಿರಿಗೆ ಮನ್ನಣೆಯನ್ನು ತೆಗೆದುಹಾಕಿದ್ದರೂ ಬಾಳು ಅಷ್ಟು ಬೇಗನೆ ಬದಲಾಗಲಿಲ್ಲ. ಈ ಜನರಿಗಾಗಿ 1850ರ ದಶಕದಲ್ಲಿ ಅಮ್ಮತ್ತಿ ಸಿದ್ದಾಪುರಗಳ ಕಡೆಯಲ್ಲಿ ಆನಂದಪುರವೆಂಬ ಊರು ಹುಟ್ಟಿತು. ಅದಕ್ಕೆ ಆ ಹೆಸರು ಬಂದುದು ಮಂಗಳೂರಿನ ಆನಂದರಾವ್ ಕೌಂಡಿನ್ಯರಿಂದ. ಬ್ರಾಹ್ಮಣಕುಲದಲ್ಲಿ ಹುಟ್ಟಿದ ಅವರು 1844ರ ಜನವರಿ 6ರಂದು ಕ್ರೈಸ್ತರಾದರು. ಪೂರ್ವದೇಶದ ಜೋಯಿಸರು ನಕ್ಷತ್ರವನ್ನು ಹಿಂಬಾಲಿಸಿ ಮಗುವನ್ನು ಕಂಡ ಹಬ್ಬದ ದಿನವದು. ಬ್ರಾಹ್ಮಣನ ಹೆಸರಿನ ಊರಿನಲ್ಲಿ ಅಸ್ಪೃಶ್ಯನಿಗೆ ಮನೆಯೂ ತೋಟವೂ ದೊರೆತುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಪಾದ್ರಿಗಳ ಉದ್ದೇಶವು ಮತಪ್ರಸಾರವೇ ಆಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಊರು ಕೊಡದ ಸ್ಥಳವನ್ನು ಅವರು ಕೊಟ್ಟರೆಂಬುದನ್ನೂ ಮರೆಯಲಾಗದು. ಕುರಿಗಾಹಿಗಳಿಗೆ ಮೊದಲು ಸುದ್ದಿ ತಿಳಿಯಿತೆಂಬ ಮಾತಿನ ಅರ್ಥವು ಅಲ್ಲಿ ಮಣ್ಣಿನ ಗೋಡೆಗಳಾಗಿ ನಿಂತಿತು.

ಭಾಷೆಯಲ್ಲಿಯೂ ಈ ಕಥೆಗೆ ಸ್ಥಳ ಬೇಕಾಗಿದ್ದಿತು. 1862ರಲ್ಲಿ ಫರ್ಡಿನೆಂಡ್ ಕಿಟ್ಟೆಲನು ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ದೇಶೀಯ ಛಂದಸ್ಸಿನಲ್ಲಿ ಹಾಡಿದನು. 1870ರ ದಶಕದಲ್ಲಿ ಮಡಿಕೇರಿಯಲ್ಲಿದ್ದವನೂ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಪ್ರಕಟಿಸಿದವನೂ, 1894ರಲ್ಲಿ ಮಹಾನಿಘಂಟನ್ನು ಕೊಟ್ಟವನೂ ಈತನೇ. ತಂದ ಕಥೆಯನ್ನು ಪರಭಾಷೆಯ ಧಾಟಿಯಲ್ಲಿ ಹೇರದೆ, ಕನ್ನಡದ ಬಾಗಿಲಲ್ಲಿ ಕೆರವನ್ನು ಬಿಟ್ಟು ಒಳಗೆ ಬಂದ ವಿನಯವಿದು. ಅತಿಥಿಯ ಧರ್ಮವೂ ಒಂದುಂಟಷ್ಟೆ.

ಹೀಗೆ ನೋಡಿದರೆ ಕ್ರಿಸ್ತಜಯಂತಿಯ ಅರ್ಥವು ಕ್ರೈಸ್ತರಿಗೆ ಸಂತೋಷವನ್ನು ಮಾತ್ರವಲ್ಲ, ಋಣವನ್ನೂ ನೆನಪಿಸುವುದು. ತಾವು ಒಮ್ಮೆ ಬಾಗಿಲಲ್ಲಿ ನಿಂತವರು, ಯಾರೋ ಸ್ಥಳ ಕೊಟ್ಟರು. ಆದುದರಿಂದ ತಮ್ಮ ಬಾಗಿಲಲ್ಲಿ ನಿಂತವನು ಯಾರೆಂದು ಕೇಳಬೇಕು. ಈ ಋಣವು ಅವರದು ಮಾತ್ರವೂ ಅಲ್ಲ. ಡಿಸೆಂಬರಿನಲ್ಲಿ ಹಣ್ಣು ಕೊಯ್ಯಲು ದೂರದೂರದಿಂದ ಕುಟುಂಬಗಳು ನಮ್ಮ ತೋಟಗಳಿಗೆ ಬರುವುವು. ಹಸುಳೆಯನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರೂ ಅವರಲ್ಲಿರುವರು. ಅವರಿಗೆ ಮಲಗಲು ನಾವು ಕೊಡುವ ಸ್ಥಳ ಎಂತಹುದು? ಹಿಂದುವಾಗಲಿ, ಮುಸಲ್ಮಾನನಾಗಲಿ, ಕ್ರೈಸ್ತನಾಗಲಿ, ತೋಟದೊಡೆಯನು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರನು.

ಈ ಸಾರಿ ವಿರಾಜಪೇಟೆಯ ಇಗರ್ಜಿಗೆ ಗೋದಲಿಯನ್ನು ನೋಡಲು ಹೋಗುವ ವಾಚಕರು, ಆ ಹುಲ್ಲಿನ ಮಾಡಿನ ಮುಂದೆ ಒಂದು ನಿಮಿಷ ನಿಂತು, 1792ರಲ್ಲಿ ಇಲ್ಲ ಎನ್ನದೆ ಬನ್ನಿ ಎಂದ ಆ ಅರಸನನ್ನೂ ನೆನೆಯಲಿ. ನೆನೆದು ಮನೆಗೆ ಬಂದ ಮೇಲೆ ತಮ್ಮ ಬಾಗಿಲ ಕಡೆಗೆ ಒಮ್ಮೆ ನೋಡಲಿ.