ಮನೆಗೆ ದೃಷ್ಟಿ ನಿವಾರಣೆ: ರೂಢಿ ಮತ್ತು ಕಾನೂನು

ಹಾಸನ ತಾಲ್ಲೂಕಿನ ಮೊಸಳೆ ಗ್ರಾಮವು ನಾಗೇಶ್ವರ ಹಾಗೂ ಚನ್ನಕೇಶವ ಎಂಬ ಹೊಯ್ಸಳರ ಕಾಲದ ಜೋಡಿ ದೇವಾಲಯಗಳಿಗೆ ಪ್ರಸಿದ್ಧವಾಗಿದೆ. ಹೊಯ್ಸಳ ಶಿಲ್ಪದ ಕೀರ್ತಿಮುಖವನ್ನು ಕೇಡು ತಡೆಯುವ ಮುಖವೆಂದು ಭಾವಿಸಲಾಗುತ್ತದೆ. ಮನೆಗಳಲ್ಲಿಯೂ ಇದೇ ಭಾವನೆಯಿಂದ ಹೊಸ್ತಿಲಿಗೆ ಅರಿಶಿನ-ಕುಂಕುಮ ಹಚ್ಚುವುದು, ಮಾವಿನ ತೋರಣ ಕಟ್ಟುವುದು, ಬೂದುಗುಂಬಳಕಾಯಿ ತೂಗುಹಾಕುವುದು, ಕಟ್ಟುತ್ತಿರುವ ಮನೆಯ ಮುಂದೆ ದೃಷ್ಟಿಬೊಂಬೆ ನಿಲ್ಲಿಸುವುದು ರೂಢಿಯಲ್ಲಿದೆ. ಆಯುಧಪೂಜೆಯಂದು ಒಡೆದ ಕುಂಬಳದ ಹೋಳುಗಳನ್ನು ಮಾತ್ರ ರಸ್ತೆಯಿಂದ ತಪ್ಪದೆ ತೆಗೆಯತಕ್ಕದ್ದು. ದ್ವಿಚಕ್ರ ವಾಹನ ಸವಾರರು ಜಾರಿ ಬೀಳುವರು.

ಇಂತಹ ನಿರಪಾಯ ಗೃಹಾಚರಣೆಗಳಿಗೆ ಕಾನೂನಿನ ಅಡ್ಡಿಯಿಲ್ಲ. ಆದರೆ ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ಪವಾಡದ ಹೆಸರಿನಲ್ಲಿ ವಂಚಿಸಿ ಹಣ ಪಡೆಯುವುದು 2020ರ ಜನವರಿಯಿಂದ ಜಾರಿಯಲ್ಲಿರುವ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಅಧಿನಿಯಮ, 2017ರನ್ವಯ ಅಪರಾಧವಾಗಿದ್ದು, 1ರಿಂದ 7 ವರ್ಷಗಳವರೆಗೆ ಸೆರೆವಾಸ ಹಾಗೂ ದಂಡ ವಿಧಿಸಬಹುದಾಗಿದೆ. ದೂರನ್ನು ಸಮೀಪದ ಪೊಲೀಸ್ ಠಾಣೆಗೆ ಸಲ್ಲಿಸುವುದು; ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದು.